ಬರೆಯುತ್ತ ಬರೆಯುತ್ತ ನಿಂತುಹೋಗುವ ಸರ್ವರ್: ತಪ್ಪು ಡಿಸ್ಕಿನದೋ, ಮೆಮೊರಿಯದೋ?

ರಾತ್ರಿ ಎರಡಕ್ಕೆ ಬ್ಯಾಕಪ್ ಶುರುವಾಗುತ್ತದೆ. ಅರ್ಧ ಗಂಟೆ ಎಲ್ಲವೂ ಸರಿ. ಆಮೇಲೆ ವೆಬ್‌ಸೈಟ್ ನಿಧಾನವಾಗುತ್ತ ಹೋಗಿ ಪೂರ್ತಿ ನಿಲ್ಲುತ್ತದೆ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಲು ನೋಡಿದರೆ ಪಾಸ್‌ವರ್ಡ್ ಕೇಳಿ ಅಲ್ಲೇ ಕೂರುತ್ತದೆ. ಬದುಕಿದ್ದೀಯಾ ಎಂದು ನೆಟ್‌ವರ್ಕ್‌ನಲ್ಲಿ ಕೇಳುವ ಪಿಂಗ್‌ಗೆ ಮಾತ್ರ ಉತ್ತರ ಬರುತ್ತಲೇ ಇರುತ್ತದೆ. ಬೇರೆ ದಾರಿ ಕಾಣದೆ ಯಾರೋ ರೀಸೆಟ್ ಒತ್ತುತ್ತಾರೆ. ಬೆಳಗ್ಗೆ ಲಾಗ್ ತೆಗೆದು ನೋಡಿದರೆ ಎರಡೂವರೆಯ ತನಕ ಮಾಮೂಲಿ ಸಾಲುಗಳು, ಅದರ ಕೆಳಗೆ ನೇರವಾಗಿ ಹೊಸ ಬೂಟ್‌ನ ಸಾಲುಗಳು. ನಡುವೆ ಏನೂ ಇಲ್ಲ. ಮೆಮೊರಿ ಸಾಲುತ್ತಿಲ್ಲ ಎಂದು ತೀರ್ಮಾನವಾಗಿ 16 ಜಿಬಿ ಇದ್ದದ್ದು 64 ಜಿಬಿ ಆಗುತ್ತದೆ. ಮುಂದಿನ ವಾರ ಮತ್ತೆ ಅದೇ ಬ್ಯಾಕಪ್, ಮತ್ತೆ ಅದೇ ಸ್ಥಿತಿ, ಈ ಸಲ ಇನ್ನೂ ಹೆಚ್ಚು ಹೊತ್ತು.

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಲ್ಲಿ ಬಹಳಷ್ಟು ಜನರಿಗೆ ಇದು ಗೊತ್ತಿರುವ ಕಥೆ. ಮೆಮೊರಿ ಹೆಚ್ಚಿಸಿದ್ದರಿಂದ ತೊಂದರೆ ಹೆಚ್ಚಾಯಿತು ಎಂಬುದು ವಿಚಿತ್ರವಾಗಿ ಕೇಳಿಸಿದರೂ ಅದಕ್ಕೆ ಸರಳವಾದ ಲೆಕ್ಕವಿದೆ. ಲಿನಕ್ಸ್‌ನಲ್ಲಿ ಡಿಸ್ಕಿಗೆ ಬರೆಯುವುದು ಎಂದರೆ ಮೊದಲು ಮೆಮೊರಿಗೆ ಬರೆಯುವುದು. ಇದನ್ನು ಮರೆತು ಡಿಸ್ಕನ್ನೂ ಮೆಮೊರಿಯನ್ನೂ ಬೇರೆಬೇರೆಯಾಗಿ ತಪಾಸಣೆ ಮಾಡಿದರೆ ಎರಡೂ ಕಡೆ ಏನೂ ಸಿಗುವುದಿಲ್ಲ.

ಬರೆದದ್ದು ಎಲ್ಲಿಗೆ ಹೋಯಿತು?

ಪ್ರೋಗ್ರಾಂ ಒಂದು ಫೈಲಿಗೆ ಬರೆದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಆ ದತ್ತಾಂಶವನ್ನು ಪೇಜ್ ಕ್ಯಾಶ್ ಎಂಬ ಮೆಮೊರಿ ಜಾಗಕ್ಕೆ ನಕಲು ಮಾಡಿಕೊಂಡು, ಬರೆದಾಯಿತು ಎಂದು ಹೇಳಿಬಿಡುತ್ತದೆ. ಡಿಸ್ಕ್ ಅದನ್ನು ಇನ್ನೂ ಕಂಡೇ ಇರುವುದಿಲ್ಲ. ಅಂಗಡಿಯಲ್ಲಿ ವ್ಯಾಪಾರದ ಭರಾಟೆಯ ಹೊತ್ತಿಗೆ ಕಚ್ಚಾ ಪುಸ್ತಕದಲ್ಲಿ ಗೀಚಿಕೊಂಡು, ಬಿಡುವಾದಾಗ ಖಾತೆ ಪುಸ್ತಕಕ್ಕೆ ಏರಿಸುವ ಹಾಗೆ ಇದು. ಇನ್ನೂ ಡಿಸ್ಕಿಗೆ ಏರದ ಪುಟಗಳಿಗೆ ಡರ್ಟಿ ಪೇಜ್ ಎಂದು ಹೆಸರು, ಏರಿಸುವ ಕೆಲಸಕ್ಕೆ ರೈಟ್‌ಬ್ಯಾಕ್ ಎಂದು. ಸಾಮಾನ್ಯ ಇಂಟೆಲ್ ಅಥವಾ ಎಎಂಡಿ ಯಂತ್ರದಲ್ಲಿ ಒಂದು ಪುಟ 4 ಕೆಬಿ.

ರೈಟ್‌ಬ್ಯಾಕ್ ಮಾಡುವುದು ಕರ್ನಲ್‌ನ ಫ್ಲಶರ್ ಥ್ರೆಡ್‌ಗಳು. ಅವು 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದ ಡರ್ಟಿ ಪುಟಗಳನ್ನು ಡಿಸ್ಕಿಗೆ ಕಳಿಸುತ್ತವೆ. ಇದಲ್ಲದೆ ಎರಡು ಗಡಿಗಳಿವೆ. ಡರ್ಟಿ ಬ್ಯಾಕ್‌ಗ್ರೌಂಡ್ ರೇಷಿಯೊ ಎಂಬುದರ ಮೂಲ ಬೆಲೆ 10. ಬಳಕೆಗೆ ಸಿಗುವ ಮೆಮೊರಿಯ ಶೇ. 10ರಷ್ಟು ಡರ್ಟಿ ಆದಾಗ ಹಿನ್ನೆಲೆಯಲ್ಲಿ ಬರೆಯುವುದು ಜೋರಾಗುತ್ತದೆ. ಡರ್ಟಿ ರೇಷಿಯೊ ಎಂಬುದರ ಮೂಲ ಬೆಲೆ 20. ಇದು ಗಟ್ಟಿ ಗಡಿ. ಈ ಎರಡರ ನಡುವಿನ ಬಿಂದು ದಾಟುತ್ತಿದ್ದಂತೆ ಕರ್ನಲ್ ಬರೆಯುವ ಪ್ರೋಗ್ರಾಂಗಳನ್ನು ಸ್ವಲ್ಪ ಸ್ವಲ್ಪ ತಡೆದು ನಿಲ್ಲಿಸಲು ತೊಡಗುತ್ತದೆ. 2012ರ ಜನವರಿಯಲ್ಲಿ ಬಂದ 3.2 ಆವೃತ್ತಿಯಿಂದ ಈ ತಡೆ ಹೆಚ್ಚು ನಯವಾಗಿದೆ. ಅದಕ್ಕೂ ಮುಂಚೆ ಬರೆಯಲು ಬಂದ ಪ್ರೋಗ್ರಾಂ ತಲೆಗೇ ಡಿಸ್ಕಿಗೆ ಸಾಗಿಸುವ ಕೆಲಸ ಬೀಳುತ್ತಿತ್ತು.

ಈಗ ಲೆಕ್ಕ. 16 ಜಿಬಿ ಯಂತ್ರದಲ್ಲಿ ಸುಮಾರು 15 ಜಿಬಿ ಲಭ್ಯವಿದ್ದರೆ ಗಟ್ಟಿ ಗಡಿ 3 ಜಿಬಿ. ಸೆಕೆಂಡಿಗೆ 100 ಎಂಬಿ ಬರೆಯಬಲ್ಲ ಹಾರ್ಡ್ ಡಿಸ್ಕಿಗೆ ಅಷ್ಟನ್ನು ಖಾಲಿ ಮಾಡಲು 30 ಸೆಕೆಂಡು ಸಾಕು. 64 ಜಿಬಿ ಯಂತ್ರದಲ್ಲಿ 60 ಜಿಬಿ ಲಭ್ಯವಿದ್ದರೆ ಗಡಿ 12 ಜಿಬಿ, ಖಾಲಿ ಮಾಡಲು 120 ಸೆಕೆಂಡು. ಇದು ಸಾಲಾಗಿ ಬರೆಯುವಾಗಿನ ಮಾತು. ಅದೇ 12 ಜಿಬಿ ಡಿಸ್ಕಿನ ಉದ್ದಗಲಕ್ಕೂ ಚದುರಿದ 4 ಕೆಬಿ ಚೂರುಗಳಾಗಿದ್ದರೆ, ಸೆಕೆಂಡಿಗೆ 150 ಚೂರು ಬರೆಯುವ ಹಾರ್ಡ್ ಡಿಸ್ಕಿಗೆ ಐದು ಗಂಟೆಗೂ ಹೆಚ್ಚು ಬೇಕು. ಅಕ್ಕಪಕ್ಕದ ಚೂರುಗಳನ್ನು ಕರ್ನಲ್ ಜೋಡಿಸಿ ಕಳಿಸುವುದರಿಂದ ವಾಸ್ತವ ಅಷ್ಟು ಕೆಟ್ಟದಾಗಿರುವುದಿಲ್ಲ. ಆದರೆ ದಿಕ್ಕು ಯಾವುದು ಎಂಬುದು ಸ್ಪಷ್ಟ. ಗಡಿ ಶೇಕಡಾ ಲೆಕ್ಕದಲ್ಲಿರುವ ತನಕ, ಡಿಸ್ಕಿನ ವೇಗ ಹೆಚ್ಚಿಸದೆ ಮೆಮೊರಿ ಮಾತ್ರ ಹೆಚ್ಚಿಸಿದರೆ ಬಾಕಿಯ ರಾಶಿ ದೊಡ್ಡದಾಗುತ್ತದೆ.

ಆ ರಾಶಿಯ ಹೊರೆ ಬ್ಯಾಕಪ್‌ಗೆ ಮಾತ್ರ ಬೀಳುವುದಿಲ್ಲ. ನಡುವೆ ಡೇಟಾಬೇಸ್ ಬಂದು ತನ್ನ ಪುಟ್ಟ ವಹಿವಾಟನ್ನು ಈಗಲೇ ಡಿಸ್ಕಿಗೆ ಹಾಕು ಎಂದು ಎಫ್‌ಸಿಂಕ್ ಕೇಳುತ್ತದೆ. ಡಿಸ್ಕಿನ ಮುಂದೆ ಆಗಲೇ ಉದ್ದ ಸಾಲಿದೆ, ಅದರ ಜೊತೆಗೆ ಫೈಲ್ ಸಿಸ್ಟಮ್ ತನ್ನ ಬದಲಾವಣೆಗಳನ್ನು ಮೊದಲು ಬರೆದಿಡುವ ಜರ್ನಲ್ ಕೂಡ ಅದೇ ಸಾಲಿನಲ್ಲಿ ಕಾಯುತ್ತಿದೆ. ಕೆಲವೇ ಕೆಬಿ ಬರೆಯಬೇಕಿದ್ದ ಡೇಟಾಬೇಸ್ ನಿಮಿಷಗಟ್ಟಲೆ ನಿಲ್ಲುತ್ತದೆ. ಬಳಕೆದಾರರ ಕಣ್ಣಿಗೆ ಅದೇ ಕ್ರ್ಯಾಶ್.

ಪೆನ್ ಡ್ರೈವ್‌ಗೆ ದೊಡ್ಡ ಸಿನಿಮಾ ಫೈಲ್ ಕಾಪಿ ಮಾಡುವಾಗ ಲ್ಯಾಪ್‌ಟಾಪ್ ಪೂರ್ತಿ ತೊದಲುವುದಕ್ಕೂ ಇದೇ ಕಾರಣ. ಈ ಸಮಸ್ಯೆ 2013ರಲ್ಲಿ ಕರ್ನಲ್ ಅಭಿವೃದ್ಧಿಗಾರರ ನಡುವೆ ದೊಡ್ಡ ಚರ್ಚೆಯಾಗಿತ್ತು. ಲೈನಸ್ ಟೊರ್ವಾಲ್ಡ್ಸ್ ಅವರೇ ಶೇಕಡಾ ಲೆಕ್ಕ ಇಂದಿನ ಮೆಮೊರಿ ಗಾತ್ರಕ್ಕೆ ಹೊಂದುವುದಿಲ್ಲ ಎಂಬ ನಿಲುವು ತಳೆದಿದ್ದರು. ಆದರೂ 10 ಮತ್ತು 20 ಇವತ್ತಿಗೂ ಹಾಗೇ ಉಳಿದಿವೆ.

ಇದಕ್ಕೆ ಹಳೆಯ 32 ಬಿಟ್ ಕಾಲದ ಒಂದು ವಿಚಿತ್ರ ತಮ್ಮನೂ ಇದ್ದಾನೆ. 32 ಬಿಟ್ ಕರ್ನಲ್ ನೇರವಾಗಿ ಬಳಸಬಲ್ಲ ಕೆಳಮೆಮೊರಿ ಸುಮಾರು 896 ಎಂಬಿ. ಡರ್ಟಿ ಗಡಿಯನ್ನು ಅದು ಈ ಭಾಗದಿಂದ ಮಾತ್ರ ಲೆಕ್ಕ ಹಾಕುತ್ತದೆ. ಅಂಥ ಯಂತ್ರಕ್ಕೆ 16 ಜಿಬಿ ಹಾಕಿದರೆ, ಅಷ್ಟೂ ಪುಟಗಳ ವಿವರ ಇಟ್ಟುಕೊಳ್ಳಲು ಕೆಳಮೆಮೊರಿಯ ದೊಡ್ಡ ಪಾಲು ಖರ್ಚಾಗಿ ಗಡಿ ಸೊನ್ನೆಯ ಹತ್ತಿರ ಬರುತ್ತದೆ, ಬರೆಯುವುದು ತೆವಳುತ್ತದೆ. ಬೂಟ್ ಸಾಲಿನಲ್ಲಿ ಮೆಮೊರಿಯನ್ನು ಕಡಿಮೆ ತೋರಿಸಿದರೆ ಯಂತ್ರ ಚುರುಕಾಗುತ್ತದೆ. ಆ ಕರ್ನಲ್ ಈಗ ಅಪರೂಪ. ಆದರೆ ಮೆಮೊರಿಯ ಗಾತ್ರವನ್ನೂ ಬರೆಯುವ ವೇಗವನ್ನೂ ಬೇರೆಬೇರೆ ಎಂದುಕೊಳ್ಳುವವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಂಟೇನರ್‌ನೊಳಗೆ ಗಡಿ ಚಿಕ್ಕದಾದಾಗ

ಈಗ ಬಹಳಷ್ಟು ಸರ್ವರ್ ಪ್ರೋಗ್ರಾಂಗಳು ಓಡುವುದು ಡಾಕರ್ ಅಥವಾ ಕುಬರ್ನೆಟೀಸ್ ಕಂಟೇನರ್‌ಗಳಲ್ಲಿ, ಎಂದರೆ ಮಿತಿ ಹಾಕಿ ಬೇರ್ಪಡಿಸಿದ ಆವರಣಗಳಲ್ಲಿ. ಅಲ್ಲಿನ ಮೆಮೊರಿ ಮಿತಿಯನ್ನು ಜಾರಿ ಮಾಡುವುದು ಪ್ರೋಸೆಸ್‌ಗಳನ್ನು ಗುಂಪು ಮಾಡಿ ನೋಡುವ ಕರ್ನಲ್‌ನ ಸಿಗ್ರೂಪ್. ಬಹಳ ಜನ ಗಮನಿಸದ ಸಂಗತಿ ಏನೆಂದರೆ, ಕಂಟೇನರ್ ಬರೆದ ಫೈಲುಗಳ ಪೇಜ್ ಕ್ಯಾಶ್ ಕೂಡ ಅದೇ ಕಂಟೇನರ್‌ನ ಲೆಕ್ಕಕ್ಕೆ ಬೀಳುತ್ತದೆ. 512 ಎಂಬಿ ಮಿತಿಯ ಕಂಟೇನರ್ 5 ಜಿಬಿ ಫೈಲ್ ಬರೆದರೆ ಬಳಕೆ 512ರ ಹತ್ತಿರ ಹೋಗಿ ನಿಲ್ಲುವುದು ಸಹಜ. ಅದಷ್ಟೇ ಆಗಿದ್ದರೆ ಗಾಬರಿ ಬೇಡ. ಡಿಸ್ಕಿಗೆ ಸೇರಿದ ಶುದ್ಧ ಪುಟಗಳನ್ನು ಕರ್ನಲ್ ಕ್ಷಣದಲ್ಲಿ ಬಿಟ್ಟುಕೊಡುತ್ತದೆ. ಡರ್ಟಿ ಪುಟವನ್ನು ಹಾಗೆ ಬಿಡುವಂತಿಲ್ಲ, ಅದನ್ನು ಮೊದಲು ಡಿಸ್ಕಿಗೆ ಬರೆಯಲೇಬೇಕು. ಮಿತಿ ತುಂಬುವುದಕ್ಕೂ ಡಿಸ್ಕ್ ಸಾಗಿಸುವುದಕ್ಕೂ ಓಟದ ಪೈಪೋಟಿ ನಡೆಯುವುದು ಇಲ್ಲಿ.

ಸಿಗ್ರೂಪ್‌ನ ಮೊದಲ ಆವೃತ್ತಿಯಲ್ಲಿ ಈ ಪೈಪೋಟಿಗೆ ಸರಿಯಾದ ತೀರ್ಪುಗಾರನೇ ಇರಲಿಲ್ಲ. ಮೆಮೊರಿ ಮಿತಿ ಗುಂಪಿಗೆ, ಡರ್ಟಿ ಗಡಿ ಇಡೀ ಯಂತ್ರಕ್ಕೆ. ಯಂತ್ರದ ಗಡಿ 12 ಜಿಬಿ, ಗುಂಪಿನ ಮಿತಿ 512 ಎಂಬಿ ಇದ್ದರೆ ಗುಂಪು ತನ್ನ ಮಿತಿಯನ್ನೆಲ್ಲ ಡರ್ಟಿ ಪುಟಗಳಿಂದಲೇ ತುಂಬಿಕೊಂಡರೂ ಯಾರೂ ತಡೆಯುತ್ತಿರಲಿಲ್ಲ. ಮಿತಿ ಮುಟ್ಟಿದ ಮೇಲೆ ಬೇರೆ ದಾರಿಯಿಲ್ಲದೆ ರೈಟ್‌ಬ್ಯಾಕ್ ಮುಗಿಯುವುದನ್ನೇ ಕಾಯುವುದು. ತೇಜುನ್ ಹಿಯೊ ಅವರ ಕೆಲಸದಿಂದ 2015ರಲ್ಲಿ 4.2 ಆವೃತ್ತಿಗೆ ಸಿಗ್ರೂಪ್ ರೈಟ್‌ಬ್ಯಾಕ್ ಸೇರಿತು. 2016ರಲ್ಲಿ 4.5 ಬಂದಾಗ ಸಿಗ್ರೂಪ್‌ನ ಎರಡನೇ ಆವೃತ್ತಿ ಅಧಿಕೃತವಾಯಿತು. ಅಲ್ಲಿಂದ ಪ್ರತಿ ಗುಂಪಿಗೂ ಅದರ ಮೆಮೊರಿಗೆ ತಕ್ಕ ಡರ್ಟಿ ಗಡಿ ಇದೆ. ಆದರೆ ಎಲ್ಲ ಫೈಲ್ ಸಿಸ್ಟಮ್‌ಗಳಿಗೂ ಇಲ್ಲ: ಇಎಕ್ಸ್‌ಟಿ2, ಇಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್, ಎಫ್2ಎಫ್‌ಎಸ್ ಮತ್ತು ಎಕ್ಸ್‌ಎಫ್‌ಎಸ್‌ಗೆ ಮಾತ್ರ. ನೆಟ್‌ವರ್ಕ್ ಮೂಲಕ ಬೇರೆ ಯಂತ್ರದ ಡಿಸ್ಕ್ ಬಳಸುವ ಎನ್‌ಎಫ್‌ಎಸ್ ಈ ಪಟ್ಟಿಯಲ್ಲಿಲ್ಲ. ಹಾಗಾಗಿ ನೆಟ್‌ವರ್ಕ್ ಡಿಸ್ಕಿಗೆ ಬ್ಯಾಕಪ್ ಬರೆಯುವ ಕಂಟೇನರ್‌ನ ಬರವಣಿಗೆ ಇವತ್ತಿಗೂ ಮೂಲ ಗುಂಪಿನ ಲೆಕ್ಕಕ್ಕೆ ಹೋಗುತ್ತದೆ. ಯಾವ ಆವೃತ್ತಿಯ ಸಿಗ್ರೂಪ್, ಯಾವ ಫೈಲ್ ಸಿಸ್ಟಮ್ ಎಂಬ ಎರಡು ಪ್ರಶ್ನೆಗೆ ಮೊದಲೇ ಉತ್ತರ ಬರೆದಿಟ್ಟುಕೊಳ್ಳದೆ ಕಂಟೇನರ್ ಕ್ರ್ಯಾಶ್ ಹುಡುಕಲು ಕೂರಬಾರದು.

ಟಿಎಂಪಿಎಫ್‌ಎಸ್‌ನದು ಇನ್ನೊಂದು ಬಲೆ. ನೋಡಲು ಫೋಲ್ಡರ್, ನಿಜದಲ್ಲಿ ಮೆಮೊರಿ. ಅಲ್ಲಿ ಬರೆದದ್ದನ್ನು ಏರಿಸಲು ಡಿಸ್ಕೇ ಇಲ್ಲ. ಮೆಮೊರಿಯ ಪುಟಗಳನ್ನು ಇಳಿಸಿಡಲು ಡಿಸ್ಕಿನಲ್ಲಿ ಮೀಸಲಿಟ್ಟ ಸ್ವಾಪ್ ಜಾಗ ಇಲ್ಲದಿದ್ದರೆ ಅದನ್ನು ಯಾರೂ ಹೊರಹಾಕಲಾರರು. ತಾತ್ಕಾಲಿಕ ಫೈಲುಗಳನ್ನು ಅಲ್ಲಿ ಸುರಿಯುವ ಪ್ರೋಗ್ರಾಂ ಸೀದಾ ಮಿತಿಗೆ ಹೋಗಿ ಬಡಿಯುತ್ತದೆ.

ಗುಂಪಿನ ಒಳಗನ್ನು ನೋಡಲು ಮೂರು ಫೈಲುಗಳು ಸಾಕು. ಮೆಮೊರಿ ಸ್ಟ್ಯಾಟ್‌ನಲ್ಲಿ ಪ್ರೋಗ್ರಾಂನ ಸ್ವಂತ ಮೆಮೊರಿ ಎಷ್ಟು, ಫೈಲುಗಳದ್ದೆಷ್ಟು, ಅದರಲ್ಲಿ ಡರ್ಟಿ ಎಷ್ಟು, ರೈಟ್‌ಬ್ಯಾಕ್‌ನಲ್ಲಿರುವುದೆಷ್ಟು ಎಂಬುದು ಬೇರೆಬೇರೆಯಾಗಿ ಸಿಗುತ್ತದೆ. ಮೆಮೊರಿ ಇವೆಂಟ್ಸ್‌ನಲ್ಲಿ ಮಿತಿ ಎಷ್ಟು ಸಲ ಮುಟ್ಟಿತು, ಎಷ್ಟು ಸಲ ಪ್ರೋಸೆಸ್ ಕೊಲ್ಲಬೇಕಾಯಿತು ಎಂಬ ಎಣಿಕೆ ಇರುತ್ತದೆ. ಮಿತಿ ಮುಟ್ಟಿದ ಎಣಿಕೆ ಏರುತ್ತಲೇ ಇದ್ದು ಕೊಂದ ಎಣಿಕೆ ಸೊನ್ನೆಯಾಗಿದ್ದರೆ, ಕರ್ನಲ್ ಹೇಗೋ ಜಾಗ ಬಿಡಿಸಿಕೊಳ್ಳುತ್ತಿದೆ, ಪ್ರೋಗ್ರಾಂ ನಿಧಾನವಾಗಿದೆ, ಸತ್ತಿಲ್ಲ ಎಂದು ಅರ್ಥ. ಮೂರನೆಯದು ಮೆಮೊರಿ ಪ್ರೆಷರ್, ಅದರ ಮಾತು ಮುಂದೆ. ಕುಬರ್ನೆಟೀಸ್ ತೋರಿಸುವ ವರ್ಕಿಂಗ್ ಸೆಟ್ ಒಂದೇ ಅಂಕಿಯನ್ನು ನಂಬಿ ಕೂರುವುದು ಅಪಾಯ. ಅದು ಒಟ್ಟು ಬಳಕೆಯಿಂದ ನಿಷ್ಕ್ರಿಯ ಫೈಲ್ ಪುಟಗಳನ್ನು ಕಳೆದು ಬಂದ ಅಂಕಿ. ಆ ನಿಷ್ಕ್ರಿಯ ಪುಟಗಳಲ್ಲಿ ಎಷ್ಟು ಡರ್ಟಿ ಎಂಬುದನ್ನು ಅದು ಹೇಳುವುದಿಲ್ಲ.

ಕ್ರ್ಯಾಶ್ ಅಂದದ್ದು ಯಾವುದನ್ನು?

ಬಂದ ದೂರಿನಲ್ಲಿ ಒಂದೇ ಪದವಿರುತ್ತದೆ, ಆದರೆ ಅದರ ಹಿಂದೆ ಹಲವು ಬಗೆಯ ಸಾವುಗಳಿವೆ. ಕರ್ನಲ್ ಪ್ಯಾನಿಕ್ ಆಗಿರಬಹುದು, ಎಂದರೆ ಸರಿಪಡಿಸಲಾಗದ ತಪ್ಪು ಕಂಡು ಕರ್ನಲ್ಲೇ ನಿಂತಿರಬಹುದು. ಮೆಮೊರಿ ಮುಗಿದಾಗ ಪ್ರೋಸೆಸ್ ಕೊಲ್ಲುವ ಕರ್ನಲ್‌ನ ಓಓಎಂ ಕಿಲ್ಲರ್ ಒಂದು ಮುಖ್ಯ ಪ್ರೋಗ್ರಾಂ ಕೊಂದಿರಬಹುದು, ಯಂತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ. ಎಲ್ಲ ಪ್ರೋಗ್ರಾಂಗಳೂ ಡಿಸ್ಕಿಗಾಗಿ ಕಾಯುತ್ತ ಹೆಪ್ಪುಗಟ್ಟಿರಬಹುದು. ಡಿಸ್ಕ್ ಬಸ್ಸಿನಿಂದಲೇ ಕಳಚಿಕೊಂಡು ಫೈಲ್ ಸಿಸ್ಟಮ್ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗಿರಬಹುದು. ಡಿಸ್ಕುಗಳೆಲ್ಲ ಒಟ್ಟಿಗೆ ದುಡಿಯುವಾಗ ವಿದ್ಯುತ್ ಸಾಲದೆ ಯಂತ್ರ ರೀಸೆಟ್ ಆಗಿರಬಹುದು. ರಾಸ್ಪ್‌ಬೆರಿ ಪೈಗೆ ಯುಎಸ್‌ಬಿ ಎಸ್‌ಎಸ್‌ಡಿ ಜೋಡಿಸಿದವರು ಮೊದಲು ಅನುಮಾನಿಸಬೇಕಾದದ್ದು ಈ ಕೊನೆಯದನ್ನು. ವೋಲ್ಟೇಜ್ ಕುಸಿದರೆ ಕರ್ನಲ್ ಲಾಗ್‌ನಲ್ಲಿ ಅಂಡರ್ ವೋಲ್ಟೇಜ್ ಎಂಬ ಎಚ್ಚರಿಕೆ ಬರುತ್ತದೆ.

ಪಿಂಗ್ ಓಡುತ್ತಿದೆ, ಎಸ್‌ಎಸ್‌ಎಚ್ ಓಡುತ್ತಿಲ್ಲ ಎಂಬುದು ಬಹು ದೊಡ್ಡ ಸುಳಿವು. ಪಿಂಗ್‌ಗೆ ಉತ್ತರ ಕೊಡುವುದು ಕರ್ನಲ್ ತಾನೇ, ಅದಕ್ಕೆ ಯಾವ ಫೈಲೂ ಬೇಡ. ಎಸ್‌ಎಸ್‌ಎಚ್ ಹೊಸ ಪ್ರೋಸೆಸ್ ಹುಟ್ಟಿಸಬೇಕು, ಫೈಲುಗಳನ್ನು ಓದಬೇಕು, ಲಾಗಿನ್ ದಾಖಲೆ ಬರೆಯಬೇಕು. ಅಂದರೆ ಪಿಂಗ್ ಮಾತ್ರ ಉಳಿದಿದ್ದರೆ ಕರ್ನಲ್ ಬದುಕಿದೆ, ಪ್ಯಾನಿಕ್ ಆಗಿಲ್ಲ, ಡಿಸ್ಕ್ ಅಥವಾ ಮೆಮೊರಿಯ ದಾರಿ ಕಟ್ಟಿಕೊಂಡಿದೆ. ಅಷ್ಟರಲ್ಲಿ ಆಗಲೇ ತೆರೆದಿದ್ದ ಒಂದು ಟರ್ಮಿನಲ್ ಕೈಗೆ ಸಿಕ್ಕರೆ ಲೋಡ್ ಆವರೇಜ್ ನೂರಾರು ತೋರಿಸುತ್ತದೆ, ಸಿಪಿಯು ಮಾತ್ರ ಸುಮ್ಮನಿರುತ್ತದೆ. ಲಿನಕ್ಸ್ ಲೋಡ್ ಲೆಕ್ಕದಲ್ಲಿ ಡಿ ಸ್ಥಿತಿಯ ಪ್ರೋಸೆಸ್‌ಗಳೂ ಸೇರುತ್ತವೆ. ಡಿ ಎಂದರೆ ಡಿಸ್ಕಿನಂಥದ್ದಕ್ಕೆ ಅಡ್ಡಿಪಡಿಸಲಾಗದಂತೆ ಕಾಯುತ್ತಿರುವುದು. ಅವುಗಳಿಗೆ ಬಲವಂತವಾಗಿ ಕೊಲ್ಲುವ ಕಿಲ್ 9 ಆಜ್ಞೆ ಹೊಡೆದರೂ ಕಾಯುವಿಕೆ ಮುಗಿಯುವ ತನಕ ಸಾಯುವುದಿಲ್ಲ.

ಲಾಗ್ ಏಕೆ ಖಾಲಿ?

ಈ ವಿಷಯದಲ್ಲಿ ಜನ ಅತಿ ಹೆಚ್ಚು ಮೋಸಹೋಗುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಲಾಗ್‌ನಲ್ಲಿ ಏನೂ ಇಲ್ಲ ಎಂದರೆ ಏನೂ ಆಗಲಿಲ್ಲ ಎಂದಲ್ಲ. ಲಾಗ್ ಬರೆಯಬೇಕಾದದ್ದೂ ಕಟ್ಟಿಕೊಂಡ ಅದೇ ಡಿಸ್ಕಿಗೆ, ಅದೇ ಪೇಜ್ ಕ್ಯಾಶ್ ದಾಟಿ. ಲಾಗ್ ಇಡುವ ಸಿಸ್ಟಮ್‌ಡಿಯ ಜರ್ನಲ್ ಮೂಲ ಹೊಂದಿಕೆಯಲ್ಲಿ 5 ನಿಮಿಷಕ್ಕೊಮ್ಮೆ ಮಾತ್ರ ಗಟ್ಟಿಯಾಗಿ ಡಿಸ್ಕಿಗೆ ಸಿಂಕ್ ಮಾಡುತ್ತದೆ. ಕ್ರಿಟಿಕಲ್ ಅಥವಾ ಅದಕ್ಕಿಂತ ಗಂಭೀರ ದರ್ಜೆಯ ಸಂದೇಶ ಬಂದರೆ ಮಾತ್ರ ತಕ್ಷಣ. ಓಓಎಂ ಕಿಲ್ಲರ್ ಒಂದು ಪ್ರೋಸೆಸ್ ಕೊಂದೆ ಎನ್ನುವ ಸಾಲಾಗಲಿ, ಪ್ರೋಸೆಸ್ 120 ಸೆಕೆಂಡಿನಿಂದ ನಿಂತಿದೆ ಎನ್ನುವ ಸಾಲಾಗಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎರರ್ ದರ್ಜೆಯವು. ಆ ಸಾಲು ಹುಟ್ಟಿತು, ಕಾದು ಕೂತಿತು, ರೀಸೆಟ್ ಒತ್ತಿದಾಗ ಮೆಮೊರಿಯ ಜೊತೆಗೇ ಹೋಯಿತು.

ಹಾಗಾದರೆ ಸಾಕ್ಷಿಯನ್ನು ಬೇರೆ ದಾರಿಯಿಂದ ಹೊರತರಬೇಕು. ನೆಟ್‌ಕನ್ಸೋಲ್ ಎಂಬ ಕರ್ನಲ್ ಸೌಲಭ್ಯ ಕರ್ನಲ್ ಸಂದೇಶಗಳನ್ನು ಯುಡಿಪಿ ಮೂಲಕ ಪಕ್ಕದ ಯಂತ್ರಕ್ಕೆ ಕಳಿಸುತ್ತದೆ. ಡಿಸ್ಕ್ ಬೇಡ, ಯೂಸರ್ ಪ್ರೋಗ್ರಾಂ ಬೇಡ. ಸೀರಿಯಲ್ ಕನ್ಸೋಲ್ ಇದ್ದರೆ ಇನ್ನೂ ಒಳ್ಳೆಯದು. ವರ್ಚುವಲ್ ಯಂತ್ರಗಳಿಗೆ ಬಹುತೇಕ ಕ್ಲೌಡ್‌ಗಳಲ್ಲಿ ಅದು ಸಿಗುತ್ತದೆ. ಪಿಸ್ಟೋರ್ ಎಂಬುದು ಪ್ಯಾನಿಕ್ ಹೊತ್ತಿನ ಕೊನೆಯ ಸಂದೇಶಗಳನ್ನು ಯುಇಎಫ್‌ಐ ಅಥವಾ ಕಾದಿರಿಸಿದ ಮೆಮೊರಿಯಲ್ಲಿ ಉಳಿಸಿ ಮುಂದಿನ ಬೂಟ್‌ನಲ್ಲಿ ತೋರಿಸುತ್ತದೆ. ನನ್ನ ಮಟ್ಟಿಗೆ ಮೊದಲ ಆಯ್ಕೆ ನೆಟ್‌ಕನ್ಸೋಲ್, ಏಕೆಂದರೆ ಹೆಪ್ಪುಗಟ್ಟಿದ ಯಂತ್ರದಿಂದಲೂ ಅದು ಮಾತಾಡಿಸುತ್ತದೆ.

ಕೆಡಂಪ್ ಎಂಬುದು ದೊಡ್ಡ ಅಸ್ತ್ರ. ಬೂಟ್ ಆಗುವಾಗಲೇ ಒಂದಿಷ್ಟು ಮೆಮೊರಿ ಎತ್ತಿಟ್ಟು, ಪ್ಯಾನಿಕ್ ಆದ ತಕ್ಷಣ ಆ ಜಾಗದಲ್ಲಿ ಎರಡನೇ ಕರ್ನಲ್ ಎಬ್ಬಿಸಿ, ಸತ್ತ ಕರ್ನಲ್‌ನ ಮೆಮೊರಿಯನ್ನು ಹಾಗೇ ಉಳಿಸುತ್ತದೆ. ಆದರೆ ಅದು ಎದ್ದೇಳುವುದು ಪ್ಯಾನಿಕ್ ಆದಾಗ ಮಾತ್ರ, ಯಂತ್ರ ಹೆಪ್ಪುಗಟ್ಟಿ ಕೂತರೆ ಅದೂ ಕಾಯುತ್ತಲೇ ಇರುತ್ತದೆ. ಹಾಗಾಗಿ ತನಿಖೆಯ ದಿನಗಳ ಮಟ್ಟಿಗೆ ಹಂಗ್ ಟಾಸ್ಕ್ ಪ್ಯಾನಿಕ್ ಎಂಬ ಕರ್ನಲ್ ಹೊಂದಿಕೆಯ (ಸಿಸ್‌ಸಿಟಿಎಲ್) ಬೆಲೆಯನ್ನು 1 ಮಾಡಿಡಬೇಕು, ಆಗ 120 ಸೆಕೆಂಡು ನಿಂತ ಪ್ರೋಸೆಸ್ ಕಂಡರೆ ಕರ್ನಲ್ ತಾನೇ ಪ್ಯಾನಿಕ್ ಆಗುತ್ತದೆ. ಇನ್ನೂ ಎರಡು ಎಚ್ಚರಿಕೆ: ಎರಡನೇ ಕರ್ನಲ್‌ಗೆ ಎತ್ತಿಟ್ಟ ಮೆಮೊರಿ ತೀರ ಕಡಿಮೆಯಾದರೆ ಅದಕ್ಕೇ ಓಓಎಂ ಆಗುತ್ತದೆ. ಡಂಪ್ ಉಳಿಸುವುದು ಕೆಟ್ಟ ಡಿಸ್ಕಿಗೇ ಆದರೆ ಏನೂ ಉಳಿಯುವುದಿಲ್ಲ, ನೆಟ್‌ವರ್ಕ್ ಮೂಲಕ ಬೇರೆ ಯಂತ್ರಕ್ಕೆ ಕಳಿಸುವ ಹೊಂದಿಕೆ ಮಾಡಬೇಕು.

ಯಂತ್ರ ನಿಂತಿರುವಾಗಲೇ ಕನ್ಸೋಲ್ ಕೈಗೆ ಸಿಕ್ಕರೆ ರೀಸೆಟ್ ಒತ್ತುವ ಮುಂಚೆ ಕರ್ನಲ್‌ಗೆ ನೇರ ಆಜ್ಞೆ ಕೊಡುವ ಸಿಸ್‌ರಿಕ್ ಕೀಲಿ ಬಳಸಿ. ಡಬ್ಲ್ಯು ಒತ್ತಿದರೆ ಡಿ ಸ್ಥಿತಿಯ ಎಲ್ಲ ಪ್ರೋಸೆಸ್‌ಗಳ ಸ್ಟ್ಯಾಕ್, ಎಂದರೆ ಅವು ಯಾವ ಫಂಕ್ಷನ್‌ಗಳಲ್ಲಿ ನಿಂತಿವೆ ಎಂಬ ಪಟ್ಟಿ ಬರುತ್ತದೆ, ಎಂ ಒತ್ತಿದರೆ ಮೆಮೊರಿಯ ಚಿತ್ರ. ಆ ಎರಡು ಪುಟಗಳು ಒಂದು ವಾರದ ಊಹೆಗಳನ್ನು ಉಳಿಸುತ್ತವೆ.

ಸಿಕ್ಕ ಸಾಲುಗಳನ್ನು ಓದುವುದು

ಓಓಎಂ ಸಂದೇಶದ ಮೊದಲ ಪದಗಳನ್ನೇ ಗಮನಿಸಬೇಕು. ಮೆಮೊರಿ ಸಿಗ್ರೂಪ್ ಎಂದು ಶುರುವಾದರೆ ಮುಗಿದದ್ದು ಕಂಟೇನರ್‌ನ ಮಿತಿ, ಯಂತ್ರದಲ್ಲಿ ಜಾಗ ಧಾರಾಳವಾಗಿ ಇದ್ದಿರಬಹುದು. ಬರೀ ಔಟ್ ಆಫ್ ಮೆಮೊರಿ ಎಂದಿದ್ದರೆ ಇಡೀ ಯಂತ್ರದ್ದು. ಕಂಟೇನರ್ ಕಡೆಯಿಂದ ನೋಡುವವರಿಗೆ ಇದು 137 ಎಂಬ ಎಕ್ಸಿಟ್ ಕೋಡ್ ಆಗಿ ಕಾಣುತ್ತದೆ, 128ಕ್ಕೆ ಸಿಗ್ನಲ್ 9 ಕೂಡಿಸಿದ್ದು.

ಕೆಳಗಿನ ಅಂಕಿಗಳಲ್ಲಿ ಡರ್ಟಿ ಮತ್ತು ರೈಟ್‌ಬ್ಯಾಕ್ ದೊಡ್ಡದಿದ್ದರೆ ಡಿಸ್ಕ್ ಹಿಂದೆ ಬಿದ್ದಿದೆ. ಪ್ರೋಗ್ರಾಂಗಳ ಸ್ವಂತ ಮೆಮೊರಿಯೇ ಬಹುಪಾಲು ತಿಂದಿದ್ದರೆ ಡಿಸ್ಕನ್ನು ಬೈದು ಫಲವಿಲ್ಲ. ಕರ್ನಲ್ ತನ್ನ ಬಳಕೆಗೆ ಇಟ್ಟುಕೊಂಡ, ಬಿಡಿಸಲಾಗದ ಸ್ಲ್ಯಾಬ್ ಮೆಮೊರಿ ಬೆಳೆದಿದ್ದರೆ ಕರ್ನಲ್ ಅಥವಾ ಯಾವುದೋ ಡ್ರೈವರ್ ಮೆಮೊರಿ ಸೋರಿಸುತ್ತಿರಬಹುದು. ಸಂದೇಶದಲ್ಲಿ ಸತ್ತವನ ಹೆಸರಿರುತ್ತದೆ, ತಪ್ಪು ಮಾಡಿದವನ ಹೆಸರು ಇರಬೇಕೆಂದಿಲ್ಲ. ಓಓಎಂ ಕಿಲ್ಲರ್ ಆರಿಸುವುದು ಮುಖ್ಯವಾಗಿ ಹೆಚ್ಚು ಸ್ವಂತ ಮೆಮೊರಿ ಹಿಡಿದವನನ್ನು. ಫೈಲಿಗೆ ಬರೆದು ಪೇಜ್ ಕ್ಯಾಶ್ ತುಂಬಿಸಿದ ಪ್ರೋಗ್ರಾಂನ ಲೆಕ್ಕಕ್ಕೆ ಆ ಪುಟಗಳು ಬೀಳುವುದೇ ಇಲ್ಲ. ಬ್ಯಾಕಪ್ ಸುರಿಯುತ್ತದೆ, ಡೇಟಾಬೇಸ್ ಸಾಯುತ್ತದೆ. ಹೀಗೆ ಸತ್ತ ಡೇಟಾಬೇಸ್‌ನ ಹೊಂದಿಕೆ ಬದಲಿಸುತ್ತ ತಿಂಗಳು ಕಳೆಯುವುದು ನೋಡಲು ಸಂಕಟವಾಗುತ್ತದೆ.

ಪ್ರೋಸೆಸ್ 120 ಸೆಕೆಂಡಿಗಿಂತ ಹೆಚ್ಚು ನಿಂತಿದೆ ಎಂಬ ಸಂದೇಶ ಕ್ರ್ಯಾಶ್ ಅಲ್ಲ, ಎಚ್ಚರಿಕೆ. ಮೂಲ ಹೊಂದಿಕೆಯಲ್ಲಿ ಅಂಥ 10 ಸಂದೇಶ ಕೊಟ್ಟ ಮೇಲೆ ಕರ್ನಲ್ ಸುಮ್ಮನಾಗುತ್ತದೆ. ಸಂದೇಶ ನಿಂತಿತು, ಯಂತ್ರ ಚೇತರಿಸಿಕೊಂಡಿತು ಎಂದು ಓದಿಕೊಂಡರೆ ತಪ್ಪು. ಇಎಕ್ಸ್‌ಟಿ4 ಇದ್ದಲ್ಲಿ ಸಾಮಾನ್ಯವಾಗಿ ಮೊದಲು ಕಾಣುವ ಹೆಸರು ಜೆಬಿಡಿ2, ಜರ್ನಲ್ ಬರೆಯುವ ಥ್ರೆಡ್. ಸ್ಟ್ಯಾಕ್‌ನಲ್ಲಿ ಬ್ಯಾಲೆನ್ಸ್ ಡರ್ಟಿ ಪೇಜಸ್ ಎಂಬ ಹೆಸರು ಕಂಡರೆ ಅದು ಮೇಲೆ ಹೇಳಿದ ತಡೆ, ಕರ್ನಲ್ ತನ್ನ ಕೆಲಸ ಮಾಡುತ್ತಿದೆ. ಬ್ಲಾಕ್ ಪದರದ ಗೆಟ್ ಟ್ಯಾಗ್ ಎಂಬಲ್ಲಿ ನಿಂತಿದ್ದರೆ ಡಿಸ್ಕಿನ ಸರದಿಯಲ್ಲಿ ಒಂದೂ ಜಾಗ ಖಾಲಿಯಿಲ್ಲ, ಡಿಸ್ಕ್ ಉತ್ತರ ಕೊಡುತ್ತಿದೆಯೇ ಎಂದು ನೋಡಬೇಕು. ಟ್ರೈ ಟು ಫ್ರೀ ಪೇಜಸ್ ಎಂಬಲ್ಲಿದ್ದರೆ ಪ್ರೋಗ್ರಾಂ ಮೆಮೊರಿ ಕೇಳಿ, ಅದನ್ನು ಬಿಡಿಸಲು ತಾನೇ ಹೊರಟು ಸಿಕ್ಕಿಬಿದ್ದಿದೆ. ಮ್ಯೂಟೆಕ್ಸ್ ಎಂಬ ಬೀಗಕ್ಕೆ ಕಾಯುತ್ತಿದ್ದರೆ ಆ ಪ್ರೋಗ್ರಾಂ ಬಲಿಪಶು, ಆ ಬೀಗ ಹಿಡಿದವನ ಸ್ಟ್ಯಾಕ್ ಹುಡುಕಬೇಕು.

ಡಿಸ್ಕಿಗೆ ಬರೆಯುವುದೂ ಮೆಮೊರಿ ಬಿಡಿಸುವುದೂ ಒಂದಕ್ಕೊಂದು ಕಾಯತೊಡಗಿದಾಗ ನಿಜವಾದ ಬಿಕ್ಕಟ್ಟು ಹುಟ್ಟುತ್ತದೆ. ಡರ್ಟಿ ಪುಟ ಬರೆದರೆ ಮೆಮೊರಿ ಸಿಗುತ್ತದೆ, ಆದರೆ ಬರೆಯಲು ಕರ್ನಲ್‌ಗೇ ಒಂದಿಷ್ಟು ಮೆಮೊರಿ ಬೇಕು. ಇದಕ್ಕೆಂದೇ ಕರ್ನಲ್ ಸ್ವಲ್ಪ ಮೀಸಲು ಇಟ್ಟುಕೊಂಡಿರುತ್ತದೆ. ಬರೆಯುವ ದಾರಿ ಉದ್ದವಾದಷ್ಟೂ, ಎಂದರೆ ಲೂಪ್ ಡಿವೈಸ್, ಎನ್‌ಕ್ರಿಪ್ಶನ್, ನೆಟ್‌ವರ್ಕ್ ಡಿಸ್ಕ್ ಒಂದರ ಮೇಲೊಂದು ಕೂತಷ್ಟೂ, ಆ ಮೀಸಲು ಸಾಲದೆ ಹೋಗುವ ಸಾಧ್ಯತೆ ಹೆಚ್ಚು. ಜೆಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಒಳಗೆ ಮಾಡಿಕೊಳ್ಳುವ ಜೆಡ್‌ವಾಲ್ ಎಂಬ ವರ್ಚುವಲ್ ಡಿಸ್ಕಿನ ಮೇಲೆ ಸ್ವಾಪ್ ಇಟ್ಟವರ ಯಂತ್ರಗಳು ಮೆಮೊರಿ ಒತ್ತಡದಲ್ಲಿ ಗಟ್ಟಿಯಾಗಿ ನಿಂತದ್ದು ಈ ಬಗೆಯದು. ಸ್ವಾಪನ್ನು ಸರಳವಾದ ಪಾರ್ಟಿಶನ್ ಮೇಲೆ ಇಡುವುದು ಒಳ್ಳೆಯದು.

ಸ್ವಾಪ್ ಪೂರ್ತಿ ತೆಗೆದರೆ ಸಮಸ್ಯೆ ಮುಗಿಯಿತೇ? ಇಲ್ಲ. ಓಡುತ್ತಿರುವ ಪ್ರೋಗ್ರಾಂಗಳ ಕೋಡ್ ಕೂಡ ಫೈಲಿನಿಂದ ಬಂದ ಪುಟಗಳೇ. ಜಾಗ ಬೇಕಾದಾಗ ಕರ್ನಲ್ ಅವನ್ನೂ ಬಿಡುತ್ತದೆ, ಮರುಕ್ಷಣ ಬೇಕಾಗಿ ಡಿಸ್ಕಿನಿಂದ ಮತ್ತೆ ಓದುತ್ತದೆ. ಬರವಣಿಗೆಯಿಂದ ಆಗಲೇ ಬಳಲಿದ ಡಿಸ್ಕಿಗೆ ಈಗ ಓದುವ ಹೊರೆಯೂ ಸೇರುತ್ತದೆ. ಪ್ರತಿ ಸಲ ಒಂದೆರಡು ಪುಟ ಸಿಗುತ್ತಲೇ ಇರುವುದರಿಂದ ಓಓಎಂ ಕಿಲ್ಲರ್ ಬೇಗ ಎದ್ದೇಳುವುದಿಲ್ಲ. ಈ ಸ್ಥಿತಿ ಅಳೆಯಲು 2018ರ ಡಿಸೆಂಬರ್‌ನಲ್ಲಿ ಬಂದ 4.20 ಆವೃತ್ತಿಯಲ್ಲಿ ಫೇಸ್‌ಬುಕ್‌ನ ಯೊಹಾನೆಸ್ ವೈನರ್ ಅವರ ಪಿಎಸ್‌ಐ ಸೇರಿತು. ಮೆಮೊರಿಗಾಗಿ, ಡಿಸ್ಕಿಗಾಗಿ ಪ್ರೋಗ್ರಾಂಗಳು ಕಳೆದ 10, 60, 300 ಸೆಕೆಂಡುಗಳಲ್ಲಿ ಶೇಕಡಾ ಎಷ್ಟು ಹೊತ್ತು ಕಾದವು ಎಂದು ಅದು ಹೇಳುತ್ತದೆ. ಎಷ್ಟು ಮೆಮೊರಿ ಖಾಲಿಯಿದೆ ಎಂಬುದಕ್ಕಿಂತ ಈ ಅಂಕಿ ಎಷ್ಟೋ ಪಾಲು ಉಪಯುಕ್ತ. ಸಿಗ್ರೂಪ್‌ನ ಮೆಮೊರಿ ಪ್ರೆಷರ್ ಫೈಲ್ ಕೊಡುವುದೂ ಇದನ್ನೇ, ಒಂದು ಗುಂಪಿನ ಮಟ್ಟಿಗೆ. ಸಿಸ್ಟಮ್‌ಡಿ ಓಓಎಂಡಿ ಇದೇ ಅಂಕಿ ನೋಡಿಕೊಂಡು ಕರ್ನಲ್‌ಗಿಂತ ಮುಂಚೆಯೇ ಕ್ರಮ ಕೈಗೊಳ್ಳುತ್ತದೆ.

ಡಿಸ್ಕಿನ ವೇಗ ಸ್ಥಿರವಲ್ಲ

ಮೊದಲ ಅರ್ಧ ಗಂಟೆ ಸರಿಯಿದ್ದು ಆಮೇಲೆ ಏಕೆ ಬಿತ್ತು ಎಂಬ ಪ್ರಶ್ನೆ ಉಳಿದಿದೆ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಮೊದಲು ಒಂದು ವೇಗದ ಭಾಗ ತುಂಬುತ್ತದೆ, ಅದು ಮುಗಿದ ಮೇಲೆ ವೇಗ ಧಡಕ್ಕನೆ ಇಳಿಯುತ್ತದೆ. ಟ್ರ್ಯಾಕ್‌ಗಳನ್ನು ಒಂದರ ಅಂಚಿನ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಹಾರ್ಡ್ ಡಿಸ್ಕುಗಳದೂ ಅದೇ ಗುಣ. ಅಮೆಜಾನ್ ಕ್ಲೌಡ್‌ನ ಜಿಪಿ2 ಡಿಸ್ಕಿನಲ್ಲಂತೂ ಇದನ್ನು ಮೊದಲೇ ಲೆಕ್ಕ ಹಾಕಬಹುದು. 100 ಜಿಬಿ ಡಿಸ್ಕಿನ ಮೂಲ ವೇಗ ಸೆಕೆಂಡಿಗೆ 300 ಕಾರ್ಯ, ಬಿಡುವಿನಲ್ಲಿ ಕೂಡಿಟ್ಟ ಕ್ರೆಡಿಟ್ ಇರುವ ತನಕ 3000. ತುಂಬಿದ ಕ್ರೆಡಿಟ್ 54 ಲಕ್ಷ. ಪೂರ್ತಿ ವೇಗದಲ್ಲಿ ಸೆಕೆಂಡಿಗೆ 2700 ಕರಗಿದರೆ ಸುಮಾರು 33 ನಿಮಿಷದಲ್ಲಿ ಖಾಲಿ. ಆ ಕ್ಷಣದಿಂದ ಡಿಸ್ಕ್ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ಮೆಮೊರಿಯಲ್ಲಿನ ಬಾಕಿಯ ರಾಶಿ ಬೆಳೆಯುತ್ತದೆ. ಎರಡಕ್ಕೆ ಶುರುವಾದ ಬ್ಯಾಕಪ್ ಎರಡೂವರೆ ದಾಟಿದ ಮೇಲೆ ನಿಲ್ಲುವುದರಲ್ಲಿ ಯಾವ ನಿಗೂಢವೂ ಇಲ್ಲ.

ಡಿಸ್ಕ್ ನಿಧಾನವಾಗುವುದು ಬೇರೆ, ಉತ್ತರವನ್ನೇ ಕೊಡದಿರುವುದು ಬೇರೆ. ಎನ್‌ವಿಎಂಇ ಮತ್ತು ಸಾಟಾ ಎರಡೂ ಬಗೆಯ ಡಿಸ್ಕುಗಳಿಗೆ ಕರ್ನಲ್ ಮೂಲ ಹೊಂದಿಕೆಯಲ್ಲಿ 30 ಸೆಕೆಂಡು ಕಾಯುತ್ತದೆ, ಆಮೇಲೆ ಟೈಮ್‌ಔಟ್ ಸಂದೇಶ, ರೀಸೆಟ್ ಪ್ರಯತ್ನ. ಅದೂ ಸೋತರೆ ಬರವಣಿಗೆ ವಿಫಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ 2019ರ ಫೆಬ್ರವರಿಯ ಬಿಡುಗಡೆಗಳಿಂದ ಎಫ್‌ಸಿಂಕ್ ವಿಫಲವಾದರೆ ಪ್ಯಾನಿಕ್ ಎಂದು ಬರೆದು ತಾನೇ ನಿಲ್ಲುತ್ತದೆ. ಅದು ಡೇಟಾಬೇಸ್‌ನ ಪ್ಯಾನಿಕ್, ಕರ್ನಲ್‌ನದಲ್ಲ.

ಬೇಕೆಂದೇ ಬೀಳಿಸಿ ನೋಡುವುದು

ಊಹೆಯನ್ನು ಪರೀಕ್ಷಿಸಲು ತೊಂದರೆಯನ್ನು ಬೇಕೆಂದೇ ಹುಟ್ಟಿಸಬೇಕು, ಖಂಡಿತ ಪ್ರೊಡಕ್ಷನ್ ಯಂತ್ರದಲ್ಲಲ್ಲ. ಸಿಸ್ಟಮ್‌ಡಿ ರನ್ ಆಜ್ಞೆಗೆ ಮೆಮೊರಿ ಮ್ಯಾಕ್ಸ್ 512 ಎಂಬಿ ಕೊಟ್ಟು ಅದರೊಳಗೆ ಡಿಸ್ಕಿಗೆ ಬರೆಯುವ ಡಿಡಿ ಅಥವಾ ಎಫ್‌ಐಒ ಓಡಿಸಿದರೆ ಕಂಟೇನರ್‌ನ ಸ್ಥಿತಿ ಸಿದ್ಧ. ಪಕ್ಕದಲ್ಲಿ ವಿಎಂಸ್ಟ್ಯಾಟ್, ಐಒಸ್ಟ್ಯಾಟ್, ಮೆಮ್‌ಇನ್ಫೊದ ಡರ್ಟಿ ಮತ್ತು ರೈಟ್‌ಬ್ಯಾಕ್ ಸಾಲುಗಳು, ಪಿಎಸ್‌ಐ, ಇವಿಷ್ಟನ್ನೂ ಸೆಕೆಂಡಿಗೊಮ್ಮೆ ಬೇರೆ ಯಂತ್ರಕ್ಕೆ ಕಳಿಸುತ್ತಿರಬೇಕು. ಅದೇ ಡಿಸ್ಕಿಗೆ ಬರೆದರೆ ಮತ್ತೆ ಅದೇ ಕಥೆ.

ಆಮೇಲೆ ಅದೇ ಪ್ರಮಾಣದ ಬರವಣಿಗೆಯನ್ನು ಡೈರೆಕ್ಟ್ ಐಒ ಮೂಲಕ ಮಾಡಿಸಬೇಕು. ಡಿಡಿಯಲ್ಲಾದರೆ ಓಫ್ಲ್ಯಾಗ್ ಡೈರೆಕ್ಟ್. ಇದು ಪೇಜ್ ಕ್ಯಾಶ್ ಬಿಟ್ಟು ಸೀದಾ ಡಿಸ್ಕಿಗೆ ಹೋಗುತ್ತದೆ. ಈಗಲೂ ಯಂತ್ರ ಬಿದ್ದರೆ ಮೆಮೊರಿ ಹೊಂದಿಕೆಗಳನ್ನು ಮುಟ್ಟುವುದು ವ್ಯರ್ಥ. ಕೇಬಲ್, ಫರ್ಮ್‌ವೇರ್, ಡ್ರೈವರ್, ವಿದ್ಯುತ್ ನೋಡಬೇಕು. ಬೀಳದಿದ್ದರೆ ರೈಟ್‌ಬ್ಯಾಕ್ ಕಡೆಯೇ ದೋಷ. ಇಡೀ ತನಿಖೆಯಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಸ್ಪಷ್ಟವಾಗಿ ಎರಡು ಪಾಲು ಮಾಡಿಕೊಡುವ ಪರೀಕ್ಷೆ ಇನ್ನೊಂದಿಲ್ಲ.

ರೈಟ್‌ಬ್ಯಾಕ್ ಎಂದು ಖಚಿತವಾದರೆ ಶೇಕಡಾ ಲೆಕ್ಕ ಬಿಟ್ಟು ಬೈಟ್ ಲೆಕ್ಕಕ್ಕೆ ಹೋಗಬೇಕು. ಡರ್ಟಿ ಬೈಟ್ಸ್, ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ ಎಂಬ ಹೊಂದಿಕೆಗಳಿವೆ. ಅವನ್ನು ಕೊಟ್ಟ ಕೂಡಲೇ ಅವುಗಳ ಶೇಕಡಾ ಜೋಡಿ ಸೊನ್ನೆಯಾಗುತ್ತದೆ. ಎಷ್ಟು ಕೊಡಬೇಕೆಂಬುದಕ್ಕೆ ಡಿಸ್ಕಿನ ಉತ್ತಮ ವೇಗವನ್ನಲ್ಲ, ಬಳಲಿದಾಗಿನ ವೇಗವನ್ನು ಹಿಡಿದು ಮೂರು ಸೆಕೆಂಡಿಗೆ ಗುಣಿಸಿ. 100 ಎಂಬಿ ವೇಗಕ್ಕೆ 300 ಎಂಬಿ ಗಟ್ಟಿ ಗಡಿ, ಅದರ ಅರ್ಧಕ್ಕಿಂತ ಕಡಿಮೆ ಹಿನ್ನೆಲೆ ಗಡಿ. ಬ್ಯಾಕಪ್ ಕೆಲಸವನ್ನು ಬೇರೆ ಗುಂಪಿಗೆ ಹಾಕಿ ಮೆಮೊರಿ ಹೈ ಕೊಡಿ. ಅದು ಮ್ಯಾಕ್ಸ್‌ನಂತೆ ಕೊಲ್ಲುವುದಿಲ್ಲ, ನಿಧಾನಗೊಳಿಸುತ್ತದೆ. ಕ್ಯಾಶ್ ಖಾಲಿ ಮಾಡುವ ಡ್ರಾಪ್ ಕ್ಯಾಶಸ್ ಆಜ್ಞೆಯನ್ನು ಹೊತ್ತುಹೊತ್ತಿಗೆ ತಾನೇ ಓಡಿಸುವ ಕ್ರಾನ್‌ನಲ್ಲಿ ಹಾಕಿಡುವ ಅಭ್ಯಾಸ ಬಿಡಬೇಕು. ಅದು ಡರ್ಟಿ ಪುಟಗಳನ್ನು ಮುಟ್ಟುವುದೇ ಇಲ್ಲ, ಬಿಡುವುದು ಉಪಯೋಗಕ್ಕೆ ಬರುತ್ತಿದ್ದ ಶುದ್ಧ ಪುಟಗಳನ್ನು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಅದೇ ಬ್ಯಾಕಪ್ ಮತ್ತೆ ಓಡಿಸಿ. ಗಡಿ ಸರಿಯಿದ್ದರೆ ಡರ್ಟಿ ಅಂಕಿ ಹೊಸ ಮಿತಿಯ ಕೆಳಗೇ ಸುಳಿಯುತ್ತದೆ, ಬ್ಯಾಕಪ್‌ನ ವೇಗ ಶುರುವಿನಿಂದಲೇ ಡಿಸ್ಕಿನ ನಿಜವಾದ ವೇಗಕ್ಕೆ ಇಳಿದಿರುತ್ತದೆ, ಡೇಟಾಬೇಸ್‌ನ ಎಫ್‌ಸಿಂಕ್ ನಿಮಿಷದಿಂದ ಒಂದೆರಡು ಸೆಕೆಂಡಿಗೆ ಬರುತ್ತದೆ. ಬ್ಯಾಕಪ್ ಮೊದಲಿಗಿಂತ ನಿಧಾನ ಕಂಡಿತೆಂದು ಗಡಿಯನ್ನು ಮತ್ತೆ ಏರಿಸಬೇಡಿ. ಮುಂಚೆ ಕಾಣುತ್ತಿದ್ದ ವೇಗ ಮೆಮೊರಿಯದಾಗಿತ್ತು, ಡಿಸ್ಕಿನದಲ್ಲ.